ಗಾಳ ಬೀಳದ ಮಡು

ರಜೆ ಬಂತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರು ಆಗುಂಬೆ ಘಾಟಿಯ 14 ತಿರುವುಗಳನ್ನು ಇಳಿದು ಮಲ್ಪೆಯ ಕಡಲು ನೋಡಲು ಹೋಗುತ್ತಾರೆ. ಅದೇ ರಜೆಯಲ್ಲಿ ಉಡುಪಿ, ಕುಂದಾಪುರದ ಕಡೆಯವರು ಅದೇ ತಿರುವುಗಳನ್ನು ಹತ್ತಿ ಶಾರದೆಯ ದರ್ಶನಕ್ಕೆ ಬರುತ್ತಾರೆ. ಇಳಿಯುವವರ ಚೀಲದಲ್ಲೂ ಹತ್ತುವವರ ಚೀಲದಲ್ಲೂ ಗಾಳ, ನೂಲು ಇದ್ದರೆ ಇಬ್ಬರಿಗೂ ಎದುರಾಗುವ ಪ್ರಶ್ನೆ ಒಂದೇ: ಗಾಳ ಎಲ್ಲಿ ಹಾಕೋಣ?

ಕಡಲ ದಂಡೆಯಲ್ಲಿ ಈ ಪ್ರಶ್ನೆಗೆ ಬಹುಪಾಲು ನೀರೇ ಉತ್ತರ ಹೇಳುತ್ತದೆ. ಉಬ್ಬರ ಯಾವಾಗ, ಇಳಿತ ಯಾವಾಗ, ಅಳಿವೆಯ ಬಾಯಿ ಎತ್ತ ತಿರುಗಿದೆ, ಬಂಡೆಯ ಮೇಲೆ ಕಾಲು ನಿಲ್ಲುತ್ತದೆಯೇ ಎಂದು ನೋಡಿಕೊಂಡರೆ ಆಯಿತು. ಮಲೆನಾಡಿನ ಹೊಳೆಗಳಲ್ಲಿ ನೀರಿನ ಜೊತೆಗೆ ದೇವರು, ದೊರೆ, ಕಾಯಿದೆ, ಅಣೆಕಟ್ಟು ಎಲ್ಲವೂ ಸೇರಿಕೊಂಡು ಉತ್ತರ ಹೇಳಿವೆ. ಇಲ್ಲಿ ಗಾಳ ಎಲ್ಲಿ ಹಾಕಬಹುದು ಎಂಬುದು ಎಲ್ಲಿ ಹಾಕಬಾರದು ಎಂಬ ಗೆರೆಯಿಂದಲೇ ತೀರ್ಮಾನವಾಗುತ್ತ ಬಂದಿದೆ. ಆ ಗೆರೆಯನ್ನು ಯಾರು ಎಳೆದರು, ಯಾವಾಗ ಎಳೆದರು, ಅದು ಯಾವಾಗ ಸರಿಯಿತು ಎಂದು ಹುಡುಕುತ್ತ ಹೋದರೆ ಈ ಮೂರು ತಾಲ್ಲೂಕುಗಳ ಇನ್ನೊಂದು ಚರಿತ್ರೆ ಕಾಣುತ್ತದೆ.

ಮೊದಲು ನೀರಿನ ದಾರಿ ತಿಳಿದುಕೊಳ್ಳಬೇಕು. ಕುದುರೆಮುಖ ಶ್ರೇಣಿಯ ಗಂಗಾಮೂಲದಲ್ಲಿ ತುಂಗೆ, ಭದ್ರೆ ಎರಡೂ ಹುಟ್ಟುತ್ತವೆ. ನೇತ್ರಾವತಿಯ ಮೂಲವೂ ಅಲ್ಲೇ. ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನ ಬಳಿ ಕಡಲು ಸೇರುತ್ತದೆ. ತುಂಗೆ ಶೃಂಗೇರಿಯನ್ನು ಬಳಸಿ, ಕೊಪ್ಪ ತಾಲ್ಲೂಕಿನ ಹರಿಹರಪುರದ ಮೇಲೆ ಹಾದು ತೀರ್ಥಹಳ್ಳಿಯತ್ತ ಹೋಗುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರು ದಾಟಿ ನರಸಿಂಹರಾಜಪುರದ ಮಗ್ಗುಲಿಗೆ ಬರುತ್ತದೆ. ಶಿವಮೊಗ್ಗದ ಆಚೆ ಕೂಡಲಿಯಲ್ಲಿ ಎರಡೂ ಒಂದಾಗುತ್ತವೆ. ಕಿಗ್ಗದ ಮೇಲಿನ ನರಸಿಂಹ ಪರ್ವತದ ಕಡೆ ಸುರಿದ ಮಳೆಯೂ ಹೀಗೆಯೇ ಇಬ್ಭಾಗವಾಗುತ್ತದೆ. ಒಂದು ಪಾಲು ನಂದಿನಿ ಹೊಳೆಯಾಗಿ ತುಂಗೆಗೆ ಬಂದರೆ ಇನ್ನೊಂದು ಪಾಲು ಸೀತಾನದಿಯಾಗಿ ಹೆಬ್ರಿ, ಬಾರ್ಕೂರು ದಾಟಿ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತದೆ. ಘಟ್ಟದ ಮೇಲಿನ ಹೊಳೆಮೀನಿಗೂ ಕೆಳಗಿನ ಅಳಿವೆಯ ಮೀನಿಗೂ ಮಳೆ ಒಂದೇ.

ಮಳೆಗಾಲದಲ್ಲಿ ಈ ಹೊಳೆಗಳನ್ನು ನೋಡಿದವರಿಗೆ ಬೇಸಿಗೆಯಲ್ಲಿ ಗುರುತೇ ಸಿಗುವುದಿಲ್ಲ. ಜುಲೈಯಲ್ಲಿ ದಂಡೆ ಮುಚ್ಚಿ ಕೆಂಪಗೆ ಹರಿಯುವ ನೀರು ಏಪ್ರಿಲ್ ಹೊತ್ತಿಗೆ ಬಂಡೆಗಳ ಸಂದಿನಲ್ಲಿ ಹರಿಯುವ ಝರಿಯಾಗುತ್ತದೆ. ನಡುನಡುವೆ ಆಳವಾದ ಮಡುಗಳು ಮಾತ್ರ ತುಂಬಿರುತ್ತವೆ. ಹೊಳೆಯ ದೊಡ್ಡ ಮೀನೆಲ್ಲ ಆ ಮೂರು ನಾಲ್ಕು ತಿಂಗಳು ಮಡುಗಳಲ್ಲೇ ಒತ್ತಾಗಿ ಬದುಕಬೇಕು. ಮೀನು ಹಿಡಿಯುವವನಿಗೆ ಅದಕ್ಕಿಂತ ಸುಲಭವಾದ ಜಾಗವಿಲ್ಲ. ಹೊಳೆಗೆ ಅದಕ್ಕಿಂತ ಅಪಾಯದ ಕಾಲವೂ ಇಲ್ಲ. ಮಡು ಬರಿದಾದರೆ ಮುಂದಿನ ಮಳೆಗೆ ಮೊಟ್ಟೆ ಇಡುವ ಮೀನೇ ಉಳಿಯುವುದಿಲ್ಲ.

ಮೀನಿನ ನೆಲೆ, ಅದರ ಆಹಾರ ಇವನ್ನು ಬರೆದಿಡುವ ಆಸೆ ಕನ್ನಡ ನಾಡಿಗೆ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಅದರಲ್ಲಿ ಕಡಲಿನವೂ ಸಿಹಿನೀರಿನವೂ ಸೇರಿ ಸುಮಾರು 35 ಬಗೆಯ ಮೀನುಗಳ ಮಾತು ಬರುತ್ತದೆ. ಹುರುಪೆ ಇರುವುದು ಯಾವುದು, ಇಲ್ಲದ್ದು ಯಾವುದು, ದೊಡ್ಡದು ಯಾವುದು, ಸಣ್ಣದು ಯಾವುದು, ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು ಎಂದೆಲ್ಲ ಅರಸ ವಿವರಿಸುತ್ತಾನೆ. ಇಂಗ್ಲಿಷಿನಲ್ಲಿ ಗಾಳದ ಕುರಿತ ಪ್ರಸಿದ್ಧ ಪುಸ್ತಕವಾದ ಐಸಾಕ್ ವಾಲ್ಟನ್‌ನ ‘ದಿ ಕಂಪ್ಲೀಟ್ ಆಂಗ್ಲರ್’ ಬಂದದ್ದು 1653ರಲ್ಲಿ, ಅಂದರೆ ಐದು ಶತಮಾನಗಳ ನಂತರ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಮೀನುವಿಜ್ಞಾನಿ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಅಭ್ಯಾಸ ಮಾಡಿ, ಅಲ್ಲಿನ ಹೆಸರುಗಳನ್ನು ಇಂದಿನ ಮೀನುಗಳೊಂದಿಗೆ ಹೊಂದಿಸಿ ನೋಡಿದರು. ಅರಸನಿಗೆ ಗಾಳ ಹಾಕುವುದು ವಿನೋದವಾಗಿತ್ತು. ಆದರೆ ಅಷ್ಟು ನಿಖರವಾದ ತಿಳಿವಳಿಕೆ ಅರಮನೆಯೊಳಗೆ ಹುಟ್ಟಿರಲಾರದು. ನೀರಿನಲ್ಲೇ ಬದುಕು ಕಳೆದ ಬೆಸ್ತರ ಬಾಯಿಯಿಂದ ಬಂದ ಮಾತುಗಳು ಸಂಸ್ಕೃತದ ಶ್ಲೋಕಗಳಾಗಿವೆ ಎಂದು ಊಹಿಸುವುದು ಕಷ್ಟವಲ್ಲ.

ಕಲ್ಯಾಣ ಬಯಲುಸೀಮೆಯ ಊರು. ಮಲೆನಾಡಿನ ತುಂಗೆಯ ದಂಡೆಯಲ್ಲಿ ಮೀನಿನ ಜೊತೆಗಿನ ಸಂಬಂಧ ಬೇರೆಯೇ ದಾರಿ ಹಿಡಿಯಿತು. ಶೃಂಗೇರಿಯಲ್ಲಿ ಶಾರದಾ ದೇವಾಲಯದ ಮೆಟ್ಟಿಲು ಇಳಿದು ನೀರಿನ ಬಳಿ ನಿಂತರೆ ಮೊಳದುದ್ದದ ಮೀನುಗಳು ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತವೆ. ಯಾತ್ರಿಕರು ಮಂಡಕ್ಕಿ ಎಸೆಯುತ್ತಾರೆ, ಮಕ್ಕಳು ಕಿರುಚುತ್ತಾರೆ. ಈ ಮೀನುಗಳಲ್ಲಿ ಮುಖ್ಯವಾದದ್ದು ಮಹಶೀರ್. ಇಲ್ಲಿನವರಿಗೆ ಅವು ದೇವರ ಮೀನು. ಅವನ್ನು ಹಿಡಿಯುವಂತಿಲ್ಲ, ತಿನ್ನುವಂತಿಲ್ಲ. ಅದೇ ದಂಡೆಯಲ್ಲಿರುವ ಕಪ್ಪೆ ಶಂಕರನ ಸ್ಥಳದ ಕತೆಯನ್ನು ಶೃಂಗೇರಿಗೆ ಹೋದವರೆಲ್ಲ ಕೇಳಿರುತ್ತಾರೆ. ಸುಡು ಬಿಸಿಲಿನಲ್ಲಿ ಹೆರಿಗೆಯ ನೋವಿನಲ್ಲಿದ್ದ ಕಪ್ಪೆಗೆ ಹಾವು ಹೆಡೆಬಿಚ್ಚಿ ನೆರಳು ಕೊಟ್ಟದ್ದನ್ನು ಕಂಡು ಶಂಕರಾಚಾರ್ಯರು ಇಲ್ಲಿ ನೆಲೆ ಮಾಡಲು ನಿರ್ಧರಿಸಿದರು ಎಂಬುದು ಐತಿಹ್ಯ. ತಿನ್ನುವ ಪ್ರಾಣಿ ತಿನ್ನಿಸಿಕೊಳ್ಳುವ ಪ್ರಾಣಿಯನ್ನು ಕಾಯುವ ಈ ಕತೆ ನಡೆದದ್ದು ಎನ್ನುವ ಜಾಗದಲ್ಲಿ ಗಾಳ ಹಾಕುವುದು ಯಾರಿಗೂ ಸಲೀಸಾಗಿ ಒಪ್ಪುವ ಮಾತಲ್ಲ.

ಆದರೆ ನಂಬಿಕೆಯೊಂದೇ ಹೊಳೆಯನ್ನು ಕಾಯುವುದಿಲ್ಲ, ಅದರ ಹಿಂದೆ ಅಧಿಕಾರವೂ ಇರಬೇಕು. 1346ರಲ್ಲಿ ವಿಜಯನಗರದ ಹರಿಹರ ಮತ್ತು ಅವನ ಸೋದರರು ಶೃಂಗೇರಿಗೆ ಬಂದು ಭೂಮಿ ದಾನ ಮಾಡಿದ್ದನ್ನು ಶಾಸನ ಹೇಳುತ್ತದೆ. ಮುಂದೆ ಕೆಳದಿಯ ನಾಯಕರು, ಮೈಸೂರಿನ ಅರಸರು ಆ ಮನ್ನಣೆಯನ್ನು ಮುಂದುವರಿಸಿದರು. ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಯೊಳಗೆ ಶೃಂಗೇರಿ ಮಠದ ಜಾಗೀರಾಗಿತ್ತು. ಜಾಗೀರಿನಲ್ಲಿ ಮಠದ ಮಾತಿಗೆ ಕಂದಾಯದ ಬಲವೂ ಇತ್ತು. ಮೀನು ತಿನ್ನದವರು ಎಳೆದ ಗೆರೆಯನ್ನು ಮೀನು ತಿನ್ನುವವರು ಪಾಲಿಸುತ್ತ ಬಂದದ್ದರಲ್ಲಿ ಭಕ್ತಿಯ ಪಾಲು ಎಷ್ಟು, ಭಯದ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಹಳೆಯವರು ಪರಿಸರ ಕಾಯಲೆಂದೇ ದೇವರ ಮೀನು ಎಂದರು ಎನ್ನುವ ಮಾತು ಇತ್ತೀಚೆಗೆ ಸುಲಭವಾಗಿ ಕೇಳಿಬರುತ್ತದೆ. ಹಾಗೆನ್ನುವುದು ನಮ್ಮ ಕಾಲದ ಚಿಂತೆಯನ್ನು ಅವರ ಬಾಯಿಗೆ ತುರುಕಿದಂತೆ. ಅವರ ಉದ್ದೇಶ ಏನೇ ಇರಲಿ, ಫಲ ಮಾತ್ರ ಕಣ್ಣೆದುರಿಗಿದೆ: ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಒಂದು ಆಳದ ಮಡುವಾದರೂ ಗಾಳ, ಬಲೆಗಳಿಲ್ಲದೆ ಉಳಿಯಿತು. ತುಂಗೆಯ ಕೆಳಗೆ ತೀರ್ಥಹಳ್ಳಿಯ ಬಳಿಯ ಛಿಬ್ಬಲಗುಡ್ಡೆ, ಕಾವೇರಿಯ ರಾಮನಾಥಪುರ, ಘಟ್ಟದ ಕೆಳಗೆ ಬೆಳ್ತಂಗಡಿ ತಾಲ್ಲೂಕಿನ ಶಿಶಿಲ ಇವೆಲ್ಲವೂ ದೇವಸ್ಥಾನದ ಮಗ್ಗುಲಿನ ಇಂಥ ಮಡುಗಳೇ.

ಮಡುವಿಗೆ ಗಾಳ ಬೀಳದಿದ್ದರೂ ಮಲೆನಾಡಿನವರು ಮೀನಿಲ್ಲದೆ ಇರಲಿಲ್ಲ. ಅವರ ದೊಡ್ಡ ಶಿಕಾರಿ ನಡೆಯುತ್ತಿದ್ದದ್ದು ಹೊಳೆಯಲ್ಲಿ ಅಲ್ಲ, ಗದ್ದೆಯಲ್ಲಿ. ಮೃಗಶಿರಾ, ಆರಿದ್ರಾ ಮಳೆ ಹಿಡಿದು ಹಳ್ಳಗಳು ಕೆಂಪು ನೀರಿನಿಂದ ತುಂಬಿದಾಗ ಮೊಟ್ಟೆ ತುಂಬಿದ ಮೀನುಗಳು ಹೊಳೆ ಬಿಟ್ಟು ಹಳ್ಳಕ್ಕೆ, ಹಳ್ಳ ಬಿಟ್ಟು ಗದ್ದೆಗೆ ಹರಿವಿನ ಎದುರು ಹತ್ತುತ್ತವೆ. ಇದೇ ಹತ್ತುಮೀನು. ರಾತ್ರಿ ದೊಂದಿ ಹಿಡಿದು, ಕಂಬಳಿಕೊಪ್ಪೆ ಹಾಕಿ, ಕತ್ತಿ, ಬುಟ್ಟಿ ಹಿಡಿದುಕೊಂಡು ಮನೆಮಂದಿಯೆಲ್ಲ ಗದ್ದೆಯ ಅಂಚಿಗೆ ಹೋಗುತ್ತಿದ್ದರು. ಅಂಚು ಕಡಿದು ನೀರು ಬಿಟ್ಟ ಕಂಡಿಗೆ ಬಿದಿರಿನ ಕೂಣಿ ಇಡುವುದಿತ್ತು. ಹತ್ತುವ ಮೀನಿಗಾದರೆ ಕೂಣಿಯ ಬಾಯಿ ಇಳಿಜಾರಿನ ಕಡೆಗೆ, ಮಳೆ ಹಿಂದೆಗೆದ ಮೇಲೆ ಹೊಳೆಗೆ ಮರಳುವ ಮೀನಿಗಾದರೆ ಬಾಯಿ ಮೇಲಿನ ಕಡೆಗೆ. ಒಳಗೆ ಹೋದ ಮೀನು ಹಿಂದಕ್ಕೆ ಬರಲಾರದಂತೆ ಸೀಳುಗಳನ್ನು ಹೆಣೆದಿರುತ್ತಾರೆ. ಯಾವ ಕಂಡಿಗೆ ಯಾರ ಕೂಣಿ ಎಂಬುದು ಗದ್ದೆಯ ಒಡೆತನದ ಜೊತೆಗೇ ಗಂಟು ಹಾಕಿಕೊಂಡಿತ್ತು. ಹಾಗಾಗಿ ಇಲ್ಲಿ ಎಲ್ಲಿ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಿದ್ದದ್ದು ಪಕ್ಕದ ಗದ್ದೆಯವನ ಹಕ್ಕು.

ಹತ್ತುಮೀನಿನ ಕಾಲಕ್ಕೂ ಕರಾವಳಿಗೂ ಒಂದು ಲೆಕ್ಕದ ಹೊಂದಾಣಿಕೆ ಇದೆ. ಮಳೆಗಾಲದಲ್ಲಿ ಕಡಲು ಕೆರಳಿ ದೋಣಿಗಳು ದಡ ಸೇರುತ್ತವೆ. ನೂಲ ಹುಣ್ಣಿಮೆಗೆ ಮೊಗವೀರರು ಸಮುದ್ರಪೂಜೆ ಮಾಡುತ್ತಾರೆ. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಸರ್ಕಾರದ ನಿಷೇಧವೂ ಇದೆ, ಮೀನು ಮರಿ ಮಾಡುವ ಕಾಲವೆಂಬ ಕಾರಣಕ್ಕೆ. ಹಿಂದೆ ಘಟ್ಟದ ಕೆಳಗಿನಿಂದ ಉಪ್ಪು, ಒಣಮೀನು ಹೇರೆತ್ತುಗಳ ಮೇಲೆ ಮೇಲಕ್ಕೆ ಬಂದು ಅಕ್ಕಿ, ಅಡಕೆ ಕೆಳಕ್ಕೆ ಹೋಗುತ್ತಿದ್ದವು. ಮಳೆ ಹಿಡಿದು ಘಾಟಿ ದಾರಿ ಕೆಟ್ಟು ಕಡಲ ಮೀನು ಬಾರದ ಆ ಎರಡು ತಿಂಗಳಲ್ಲೇ ಮಲೆನಾಡಿನ ಗದ್ದೆಗೆ ಮೀನು ಹತ್ತಿ ಬರುತ್ತಿತ್ತು. ಆದರೆ ಒಂದು ವ್ಯತ್ಯಾಸ ಉಂಟು. ಕಡಲಿನಲ್ಲಿ ಮೊಟ್ಟೆಯ ಕಾಲದಲ್ಲಿ ಬಲೆ ದಡಕ್ಕೆ ಬರುತ್ತದೆ, ಗದ್ದೆಯಲ್ಲಿ ಮೊಟ್ಟೆಯ ಕಾಲದಲ್ಲೇ ಕೂಣಿ ನೀರಿಗೆ ಇಳಿಯುತ್ತದೆ. ಇಷ್ಟಾದರೂ ಮೀನಿನ ವಂಶ ಅಳಿಯದೆ ಇದ್ದುದಕ್ಕೆ ಕಾರಣಗಳನ್ನು ಹುಡುಕಬೇಕಾದರೆ ಬೇಸಿಗೆಯ ಮಡುಗಳನ್ನೇ ಮೊದಲು ನೋಡಬೇಕು. ಗದ್ದೆಯಲ್ಲಿ ಖರ್ಚಾದದ್ದನ್ನು ಮಡು ತುಂಬಿಕೊಡುತ್ತಿತ್ತು.

ಈ ಖರ್ಚು ವೆಚ್ಚದ ಲೆಕ್ಕವನ್ನು ಸರ್ಕಾರ ಕೇಳಲು ಶುರುಮಾಡಿದ್ದು 19ನೆಯ ಶತಮಾನದ ಕೊನೆಯಲ್ಲಿ. 1873ರಲ್ಲಿ ಎರಡು ಬರಹಗಳು ಹೊರಬಂದವು. ಒಂದು, ಭಾರತ ಮತ್ತು ಬರ್ಮಾದ ಸಿಹಿನೀರಿನ ಮೀನುಗಾರಿಕೆಯ ಬಗ್ಗೆ ಫ್ರಾನ್ಸಿಸ್ ಡೇ ಸಲ್ಲಿಸಿದ ವರದಿ. ಇನ್ನೊಂದು, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್‌ನ ‘ದಿ ರಾಡ್ ಇನ್ ಇಂಡಿಯಾ’. ಥಾಮಸ್‌ನದು ಗಾಳದ ಹುಚ್ಚಿದ್ದ ಬಿಳಿಯ ಅಧಿಕಾರಿಗಳಿಗೆ ಕೈಪಿಡಿ. ಅವನ ಆರಾಧ್ಯ ಮೀನು ಮಹಶೀರ್. ಶೃಂಗೇರಿಯಲ್ಲಿ ದೇವರಾಗಿದ್ದ ಮೀನು ಘಟ್ಟದ ಕೆಳಗೆ ಸಾಹೇಬರ ಬೇಟೆಯಾಗಿತ್ತು. ಆದರೆ ಡೇ, ಥಾಮಸ್ ಇಬ್ಬರೂ ಒಂದು ಮಾತನ್ನು ಒತ್ತಿ ಹೇಳಿದರು: ಸಣ್ಣ ಕಣ್ಣಿನ ಬಲೆ, ಹಳ್ಳಕ್ಕೆ ಅಡ್ಡ ಕಟ್ಟಿದ ಬೋನು, ನೀರಿಗೆ ಬೆರೆಸುವ ವಿಷ, ಇವು ಮರಿಮೀನನ್ನೇ ನಾಶ ಮಾಡುತ್ತಿವೆ. ಮಲೆನಾಡಿನಲ್ಲಿ ಕಾರೆಕಾಯಿ ಜಜ್ಜಿ ಮಡುವಿಗೆ ಕದಡಿ ಮೀನಿಗೆ ಮತ್ತು ಬರಿಸುವುದು ಹಳೆಯ ಪದ್ಧತಿ. ಅದರ ಪಕ್ಕಕ್ಕೆ ರಸ್ತೆ, ಗಣಿ ಕೆಲಸಗಳ ಜೊತೆ ಬಂದ ಡೈನಮೈಟ್ ಸೇರಿತು. 1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸಿಡಿಮದ್ದು, ವಿಷ ಎರಡನ್ನೂ ಅಪರಾಧವೆಂದಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ತನ್ನದೇ ರೆಗ್ಯುಲೇಷನ್ ತಂದಿತು. ಕೊಪ್ಪದ ಕಡೆಯ ಹೊಳೆಗಳಿಗೆ ದೇವರ ಗೆರೆಯ ಜೊತೆಗೆ ಕಾಗದದ ಗೆರೆಯೂ ಬಂತು. ಸಾಹೇಬರ ಗಾಳ ಕ್ರೀಡೆ, ಬಡವನ ಬಲೆ ಅಪರಾಧ ಎಂಬ ಧೋರಣೆ ಈ ಕಾಯಿದೆಗಳ ಹಿಂದೆ ಇರಲಿಲ್ಲವೆನ್ನಲಾಗದು. ಆದರೂ ವಿಷದ ವಿರುದ್ಧ ಅವರು ಆಡಿದ ಮಾತು ಇಂದಿಗೂ ಸುಳ್ಳಾಗಿಲ್ಲ.

ನರಸಿಂಹರಾಜಪುರದ ಕತೆ ಇವೆರಡಕ್ಕಿಂತ ಬೇರೆ. ಮೊದಲು ಎಡೇಹಳ್ಳಿ ಎಂದಿದ್ದ ಊರಿಗೆ ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರು ಬಂತು. ಊರಿನ ಹೆಸರು ಬದಲಾದ ಮೇಲೆ ಹೊಳೆಯ ರೂಪವೂ ಬದಲಾಯಿತು. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ 1947ರಲ್ಲಿ ಶುರುವಾಗಿ 1965ರ ಹೊತ್ತಿಗೆ ಮುಗಿಯಿತು. 186 ಅಡಿ ಮಟ್ಟದವರೆಗೆ, 71.5 ಟಿಎಂಸಿ ನೀರು ನಿಲ್ಲುವ ಜಲಾಶಯ ಅದು. ಕೆಳಗಿನ ಬಯಲಿಗೆ ಕಬ್ಬು, ಭತ್ತ, ಅಡಕೆಯ ಸಮೃದ್ಧಿ ತಂದ ಈ ನೀರಿನ ಅಡಿಯಲ್ಲಿ ಗದ್ದೆ, ತೋಟ, ಊರುಗಳು ಮುಳುಗಿದವು. ಮಡುಗಳೂ ಮುಳುಗಿದವು. ಹರಿಯುವ ನೀರಿನ ಮೀನಿಗೆ ನಿಂತ ನೀರು ಒಗ್ಗುವುದಿಲ್ಲ, ಹತ್ತಿ ಬರುವ ಮೀನಿಗೆ ಗೋಡೆ ದಾಟಲು ಬರುವುದಿಲ್ಲ.

ನಿಂತ ನೀರಿಗೆ ಹೊಸ ಮೀನನ್ನು ತಂದು ಬಿಟ್ಟರು. ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್‌ಗಳು ಕರ್ನಾಟಕದ ಜಲಾಶಯಗಳಿಗೆ ಬರಲು ಒಂದು ವಿಜ್ಞಾನದ ಸಾಧನೆ ಕಾರಣವಾಯಿತು. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಚುಚ್ಚುಮದ್ದಿನ ಮೂಲಕ ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸುವುದರಲ್ಲಿ ಗೆದ್ದರು. ಅಲ್ಲಿಯವರೆಗೆ ಮರಿಗಳಿಗಾಗಿ ಪ್ರವಾಹದ ಹೊಳೆಯನ್ನೇ ಕಾಯಬೇಕಿತ್ತು. ಈಗ ಬಿ.ಆರ್. ಪ್ರಾಜೆಕ್ಟ್‌ನ ಮೀನುಮರಿ ಕೇಂದ್ರದಂಥ ಕಡೆ ತೊಟ್ಟಿಯಲ್ಲೇ ಮರಿ ಮಾಡಿಸುತ್ತಾರೆ. ಹಿನ್ನೀರಿನಲ್ಲಿ ಹರಿಗೋಲು, ಉದ್ದ ಬಲೆಗಳ ಹೊಸ ಕಸುಬು ಬೆಳೆಯಿತು. ಗೆರೆಯೂ ಹೊಸದಾಯಿತು. ಯಾವ ದಡದಲ್ಲಿ ಪರವಾನಗಿ ಇದ್ದವರು ಬಲೆ ಬೀಸಬಹುದು ಎಂಬುದನ್ನು ಮೀನುಗಾರಿಕೆ ಇಲಾಖೆ ಹೇಳುತ್ತದೆ. 1998ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಭದ್ರಾ ಕಾಡಿಗೆ ತಾಗಿದ ದಡವನ್ನು ಅರಣ್ಯ ಇಲಾಖೆ ಕಾಯುತ್ತದೆ. ಮೇಲ್ಭಾಗದಲ್ಲಿ ಇನ್ನೊಂದು ಪೆಟ್ಟು ಬಿತ್ತು. ಕುದುರೆಮುಖದಲ್ಲಿ 1976ರಲ್ಲಿ ಕಂಪನಿ ಸ್ಥಾಪನೆಯಾಗಿ ಆರಂಭವಾದ ಕಬ್ಬಿಣದ ಅದಿರಿನ ಗಣಿಗಾರಿಕೆ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಯಲ್ಲಿ ನಿಲ್ಲುವವರೆಗೂ, ಮಳೆಗಾಲದಲ್ಲಿ ಭದ್ರೆಗೆ ಹೂಳು ಇಳಿಸುತ್ತಿತ್ತು. ಹೂಳು ಮೊದಲು ತುಂಬುವುದು ಮಡುಗಳನ್ನೇ. ಒಂದೇ ಬೆಟ್ಟದಲ್ಲಿ ಹುಟ್ಟಿದ ಎರಡು ಹೊಳೆಗಳಲ್ಲಿ ಒಂದರ ಮೀನು ದೇವರ ಹೆಸರಿನಲ್ಲಿ ಉಳಿಯಿತು, ಇನ್ನೊಂದರ ಮೀನು ಅಭಿವೃದ್ಧಿಯ ಹೆಸರಿನಲ್ಲಿ ಬದಲಾಯಿತು.

ದೇವರ ಗೆರೆಯೂ ಅಭೇದ್ಯವೇನಲ್ಲ ಎಂಬುದನ್ನು ಶಿಶಿಲ ತೋರಿಸಿಕೊಟ್ಟಿತು. 1996ರಲ್ಲಿ ಅಲ್ಲಿನ ಕಪಿಲಾ ಹೊಳೆಗೆ ಯಾರೋ ವಿಷ ಬೆರೆಸಿ ಸಾವಿರಾರು ದೇವರ ಮೀನುಗಳು ಸತ್ತು ತೇಲಿದವು. ಊರಿನವರು ಮೀನುಗಳಿಗೆ ಸ್ಮಾರಕ ಕಟ್ಟಿದರು. ಮನುಷ್ಯರಿಗೆ, ಕುದುರೆಗೆ, ನಾಯಿಗೆ ಕಲ್ಲು ನಿಲ್ಲಿಸಿದ ನಾಡು ಇದು. ಆತಕೂರಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ 10ನೆಯ ಶತಮಾನದಲ್ಲೇ ವೀರಗಲ್ಲು ಹಾಕಿದ್ದಾರೆ. ಅದೇ ಸಾಲಿಗೆ ಮೀನೂ ಸೇರಿದ್ದು ಶಿಶಿಲದಲ್ಲಿ. ಅದೇ 1996ರ ಹೆಸರಿನಲ್ಲಿ ಕರ್ನಾಟಕ ಒಳನಾಡು ಮೀನುಗಾರಿಕೆ ಕಾಯಿದೆಯೂ ಇದೆ. ಆದರೆ ನೂರು ವರ್ಷ ಹಿಂದಿನ ಕಾಯಿದೆ ನಿಷೇಧಿಸಿದ ವಿಷವೇ ಒಂದು ಮಡುವನ್ನು ರಾತ್ರಿ ಬೆಳಗಾಗುವುದರೊಳಗೆ ಬರಿದು ಮಾಡಿತು ಎಂಬುದು ಮರೆಯುವ ಮಾತಲ್ಲ.

ಗದ್ದೆಯ ಗೆರೆ ಸದ್ದಿಲ್ಲದೆ ಅಳಿಯುತ್ತಿದೆ. ಕೊಪ್ಪ, ಶೃಂಗೇರಿಯ ಕಡೆ ಭತ್ತದ ಗದ್ದೆಗಳು ಅಡಕೆ ತೋಟಗಳಾಗುತ್ತಿವೆ. ಗದ್ದೆಯಿಲ್ಲದಿದ್ದರೆ ನಿಲ್ಲುವ ನೀರಿಲ್ಲ, ಹತ್ತಿ ಬಂದ ಮೀನಿಗೆ ಮೊಟ್ಟೆ ಇಡಲು ಜಾಗವಿಲ್ಲ. ಉಳಿದ ಗದ್ದೆಗೆ ಕಳೆನಾಶಕ, ಕೀಟನಾಶಕ ಬೀಳುತ್ತದೆ. ಕೂಣಿ ಹೆಣೆಯುವ ಕೈಗಳೂ ಕಡಿಮೆಯಾಗಿವೆ. ಘಟ್ಟದ ಕೆಳಗೂ ಇಂಥದೇ ಬದಲಾವಣೆ ಆಗಿತ್ತು. ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ಹಿಂದೆ ಸರಿಯಿತು. ಬಂಗುಡೆಯ ಹಿಂಡು ದಡಕ್ಕೆ ಬರುವ ಮುಂಚೆಯೇ ನಡುನೀರಿನಲ್ಲಿ ಬಲೆಗೆ ಬೀಳತೊಡಗಿತು. ಎರಡೂ ಕಡೆ ಮೀನಿನ ಜೊತೆ ಒಂದು ಹಂಚಿಕೆಯ ಪದ್ಧತಿಯೂ ಹೋಯಿತು. ಯಾವ ಕಂಡಿ ಯಾರದು, ಯಾವ ಎಳೆತದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಊರು ಕೂಡಿ ನಿರ್ಧರಿಸುವ ಪದ್ಧತಿ ಅದು.

ಹಾಗಾದರೆ ಈ ರಜೆಯಲ್ಲಿ ಗಾಳ ಎಲ್ಲಿ? ಕಡಲಿಗೆ ಹೋಗುವವರು ಅಕ್ಟೋಬರ್ ಕಳೆದ ಮೇಲೆ, ಕಡಲು ತಣ್ಣಗಾದ ಮೇಲೆ ಹೋಗಲಿ. ಅಳಿವೆಯ ಮರಳದಿಣ್ಣೆ ವರ್ಷ ವರ್ಷ ಜಾಗ ಬದಲಿಸುವುದರಿಂದ ಯಾವ ಬಂಡೆ ಸುರಕ್ಷಿತ, ಯಾವ ನೀರು ಸೆಳೆಯುತ್ತದೆ ಎಂದು ಅಲ್ಲಿನ ಮೊಗವೀರರನ್ನೇ ಕೇಳಲಿ. ಭದ್ರೆಯ ಹಿನ್ನೀರಿಗೆ ಹೋಗುವವರು ಇಲಾಖೆಯ ಅನುಮತಿ ಕೇಳಿಕೊಂಡು, ಕಾಡಿನ ದಡ ಬಿಟ್ಟು, ಬಲೆ ಕಟ್ಟಿದವರ ಹೊಟ್ಟೆಪಾಡಿಗೆ ಅಡ್ಡ ಬಾರದೆ ಕೂರಲಿ. ತುಂಗೆಯ ದಂಡೆಗೆ ಬರುವವರು ದೇವಸ್ಥಾನದ ಮಡುವಿನಿಂದ ದೂರ ಇರಲಿ, ಬೇಸಿಗೆಯಲ್ಲಾದರೆ ಯಾವ ಮಡುವಿಗೂ ಗಾಳ ಇಳಿಸದಿರಲಿ. ಆರಿದ್ರಾ ಮಳೆಯಲ್ಲಿ ಹೊಟ್ಟೆ ಉಬ್ಬಿದ ಮೀನು ಸಿಕ್ಕರೆ ಮರಳಿ ನೀರಿಗೆ ಬಿಡಲಿ.

ಮೀನಿಗೆ ಗೆರೆ ಗೊತ್ತಿಲ್ಲ. ಶೃಂಗೇರಿಯ ಮೆಟ್ಟಿಲ ಬಳಿ ಬೇಸಿಗೆ ಕಳೆದ ಮೀನು ಮೊದಲ ಪ್ರವಾಹದಲ್ಲೇ ಮಡು ಬಿಟ್ಟು ಹೊರಡುತ್ತದೆ. ಮೇಲಿನ ಹಳ್ಳಗಳಿಗೆ ಹೋಗುತ್ತದೆ, ಹರಿಹರಪುರದ ಕಡೆಗೆ ಇಳಿಯುತ್ತದೆ. ಅಲ್ಲಿ ಅದು ದೇವರ ಮೀನಾಗಿ ಉಳಿಯುವುದಿಲ್ಲ, ಯಾರದೋ ಗಾಳಕ್ಕೆ ಸಿಗಬಹುದಾದ ಬರಿಯ ಮೀನು. ಹರಿಹರಪುರದಲ್ಲಿ ಗಾಳ ಹಾಕುವವನಿಗೆ ಮೀನು ಸಿಗಬೇಕಾದರೆ ಶೃಂಗೇರಿಯಲ್ಲಿ ಯಾರೂ ಗಾಳ ಹಾಕದ ಮಡು ಇರಬೇಕು.